ಮಗ್ಗದ ಕುಣಿ ನಡುಗಿದಾಗ

ಇಳಕಲ್ಲಿನ ನಮ್ಮ ಪಕ್ಕದ ಮನೆಯ ನೇಕಾರ ಅಜ್ಜಿ, ಯಾರು ಜೋರಾಗಿ ಮಾತಾಡಿದರೂ "ಹಗೂರಕ್ರಿ, ಎಳಿ ಬೆದರ್ತಾವ" ಅನ್ನುತ್ತಿದ್ದಳು.

ಆ ವಾರ ನೆಲ ಮತ್ತೆ ಮತ್ತೆ ಸಣ್ಣಗೆ ನಡುಗಿತು. ಮೊದಲ ಸಲ ಅದನ್ನು ಆಚೆ ಮನೆಯ ಮಗ್ಗದ ಹೊಡೆತವೆಂದುಕೊಂಡಿದ್ದೆವು; ಮುಂದಿನ ಸಲ ಎಲ್ಲರೂ ಹೊರಗೋಡಿದೆವು. ಅಜ್ಜಿ ಮಾತ್ರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಸೆರಗಿನ ಎಳೆಗಳನ್ನು ಸೀರೆಯ ಒಡಲಿಗೆ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ನಡುವೆ ಬಿಟ್ಟೆದ್ದರೆ ಕೊಂಡಿಗಳು ಜಾರಿ ಸೀರೆಯೇ ಹಾಳು.

"ಅತ್ತಿ, ಗ್ವಾಡಿ ಬಿದ್ರ ಸೀರಿ ಯಾರು ಉಡ್ತಾರ? ಬರ್ರಿ!" ಸೊಸೆ ಅಂಗಳದಿಂದ ಚೀರಿದಳು.

"ನಿನಗ ಉಡಿಸೇ ಸಾಯ್ತೇನಿ, ಹೋಗ!"

ನಾನು ಅವರ ಮನೆಯ ಬಾಗಿಲಿಂದ ಒಳಗೆ ನೋಡುತ್ತಿದ್ದೆ. ಅಜ್ಜಿ ಕುಣಿಯ ಮಣ್ಣನ್ನು ಎಮ್ಮೆಯ ಮೈ ಸವರುವಂತೆ ಸವರಿದಳು. ನಡುಕ ನಿಂತಿತು. ನಿಲ್ಲುವ ಹೊತ್ತಿಗೇ ಸವರಿದಳೋ, ಎರಡನ್ನೂ ನನ್ನ ನೆನಪೇ ಜೋಡಿಸಿತೋ ತಿಳಿಯದು. ನೆಲ ಸುಮ್ಮನಾದ ಮೇಲೂ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಕೆಂಪು ಎಳೆಗಳೆಲ್ಲ ಮಿಡಿಯುತ್ತಿದ್ದವು. ಒಂದು ಕೊಂಡಿಯೂ ಜಾರಿರಲಿಲ್ಲ.