ಪೋಸ್ಟಿನವರು ಓದಿದ ಶೀಷೆ

ನಿಡಘಟ್ಟದಲ್ಲಿ ನಮ್ಮ ಬೀದಿಗೆ ಕಾಗದ ತರುತ್ತಿದ್ದ ಪೋಸ್ಟಿನವರು ಯಾರ ಸುದ್ದಿಯನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಕನ್ನಡಕ ಒರೆಸುತ್ತಾ, "ನೀವು ಕಣ್ಣಲ್ಲಿ ನೋಡುದ್ರಾ?" ಎಂದು ಕೇಳುತ್ತಿದ್ದರು. ಅದಕ್ಕೇ ಹೆಂಗಸರಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ತುರ್ತುಪರಿಸ್ಥಿತಿಯ ದಿನಗಳು. ಗಂಡಸರನ್ನು ಹಿಡಿದು ಆಪರೇಷನ್ ಮಾಡುತ್ತಾರೆಂದು ಊರೆಲ್ಲ ಹೆದರಿತ್ತು. ಒಂದು ಬೆಳಿಗ್ಗೆ ಶಾಲೆಗೆ ಸರ್ಕಾರಿ ಜೀಪು ಬಂತು. ಹುಡುಗ ಹುಡುಗಿಯರಿಗೆಲ್ಲ ಮುಂದೆ ಮಕ್ಕಳಾಗದಂತೆ ಸೂಜಿ ಹಾಕುತ್ತಾರೆಂಬ ಸುದ್ದಿ ಹಬ್ಬಿ, ತಾಯಂದಿರೆಲ್ಲ ಶಾಲೆಗೆ ಓಡಿದೆವು. ನನ್ನ ಮಗಳು ಒಳಗಿದ್ದಳು.

ಪೋಸ್ಟಿನವರು ಸೈಕಲ್ಲು ನಿಲ್ಲಿಸಿ ಒಳಗೆ ಹೋದರು. ಹೊರಬಂದು, "ಶೀಷೆ ಮೇಲೆ ಗಂಟಲಮಾರಿ ರೋಗದ ಮದ್ದು ಅಂತ ಇಂಗ್ಲೀಷಲ್ಲಿ ಬರ್ದದೆ. ನಾನೇ ಅಕ್ಷರ ಕೂಡುಸ್ಕಂಡು ಓದ್ದೆ ಕಣಮ್ಮ," ಎಂದರು.

"ಅಂಗಾರೆ ಏನೂ ಆಗಕಿಲ್ಲ ಅಂತ ಆಣೆ ಮಾಡಿ ಏಳಿ," ಎಂದೆ.

"ಓದಿದ್ದ ಏಳ್ದೆ. ಮುಂದಾಗೋದ ನಾ ಎಂಗೆ ಏಳ್ಲಿ?" ಎಂದು ಅವರು ಕನ್ನಡಕ ತೆಗೆದು ಒರೆಸಿದರು.

ಉಳಿದವರು ಮಕ್ಕಳನ್ನು ಎಳೆದುಕೊಂಡು ಹೋದರು. ಸುಳ್ಳು ಧೈರ್ಯ ತುಂಬದ ಆ ಮಾತನ್ನೇ ನಂಬಿ ನಾನು ಮಗಳಿಗೆ ಸೂಜಿ ಹಾಕಿಸಿದೆ.

ಮಾರನೆಯ ದಿನ ಅವಳಿಗೆ ಜ್ವರ ಬಂತು. ನಮಗೆ ಕಾಗದವಿಲ್ಲದಿದ್ದರೂ ಅವರು ಬಾಗಿಲಿಗೆ ಬಂದು, "ಕೂಸು ಎಂಗದೆ?" ಎಂದು ಕೇಳಿದರು. ಅದರ ಮಾರನೆಯ ದಿನವೂ ಬಂದರು. ಭಯಕ್ಕೋ ಸಿಟ್ಟಿಗೋ ನಾನು, "ಜ್ವರ ಬುಟ್ಟಿಲ್ಲ," ಎಂದು ಬಾಗಿಲು ಹಾಕಿಕೊಂಡೆ.

ಮೂರನೆಯ ದಿನ ಜ್ವರ ಬಿಟ್ಟು ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅವರು ಬಹಳ ಹೊತ್ತು ನೋಡುತ್ತಾ ನಿಂತರು. ಆಮೇಲೆ ಜಗಲಿಯ ಮೇಲೆ ಕುಸಿದು ಕೂತು, "ಒಸಿ ನೀರು ಕೊಡವ್ವ," ಎಂದರು.