ರಸೀದಿಯ ಹಿಂದೆ ಯಜಮಾನರ ಮುಖ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ರಜೆಯಲ್ಲೆಲ್ಲ ಭತ್ತದ ಮೂಟೆ ಹೊತ್ತು, ಇಂಗ್ಲಿಷ್ ಪೇಪರನ್ನು ಮೂರು ಸಲ ಕಟ್ಟಿ ಗಳಿಸಿದ್ದು. ಆದರೆ ಲಿಂಗಸುಗೂರಿನಲ್ಲಿ ಬಿಲ್ ಪ್ರಿಂಟರ್ ಮಾರುವ ನನ್ನ ಸಾಹುಕಾರರಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಸಿಂಧನೂರಿನ ಒಂದು ಬೀಜದಂಗಡಿಗೆ ಪ್ರಿಂಟರ್ ಕೂರಿಸಲು ಕಳಿಸುವಾಗ, ಅವರು ಒಪ್ಪಿದರೆ ನಿನ್ನ ಕೆಲಸ ಕಾಯಂ, ವಾಪಸು ಕಳಿಸಿದರೆ ಪ್ರಿಂಟರಿನ ಜೊತೆ ನೀನೂ ಮನೆಗೆ ಎಂದು ಬಸ್ ನಿಲ್ದಾಣದಲ್ಲೇ ಹೇಳಿಬಿಟ್ಟರು.

ಅಂಗಡಿಯ ಯಜಮಾನರು ಮಸ್ಕಿಗೆ ಮಗಳ ಮನೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ರಸೀದಿಯ ಅಕ್ಷರಗಳ ಹಿಂದೆ ಅಪ್ಪನ ಮುಖ ತೆಳ್ಳಗೆ ಮೂಡುವಂತೆ ಮಾಡಿಕೊಡು, ಖುಷಿಪಡಲಿ ಎಂದ ಮಗ.

ಆ ಪ್ರಿಂಟರಿಗೆ ಬೂದು ಬಣ್ಣ ಗೊತ್ತಿಲ್ಲ. ಕಾಗದಕ್ಕೆ ಬಿಸಿ ತಾಗಿಸಿ ಕಪ್ಪು ಚುಕ್ಕಿ ಇಡುವುದಷ್ಟೇ ಗೊತ್ತು. ತೆಳ್ಳಗೆ ಕಾಣಬೇಕೆಂದರೆ ಚುಕ್ಕಿಗಳನ್ನು ದೂರ ದೂರ ಇಡು ಎಂದು ಕಮಾಂಡ್ ಬರೆಯಬೇಕು. ಮೊದಲು ಚಿತ್ರವನ್ನು ಅದರ ಮೆಮೊರಿಗೆ ತುಂಬಬೇಕು, ಆಮೇಲೆ ನೆರಳು ಎಷ್ಟು ಎಂದು ಅಂಕಿ ಕೊಡಬೇಕು, ಕೊನೆಗೆ ಅದರ ಮೇಲೆ ಅಕ್ಷರ ಹೊಡೆ ಎನ್ನಬೇಕು. ಇಂಗ್ಲಿಷ್ ಕೈಪಿಡಿಯನ್ನು ಒಂದೊಂದೇ ಸಾಲು ಓದಿ ಮಧ್ಯಾಹ್ನದೊಳಗೆ ಮುಗಿಸಿದೆ. ಪೇಟ, ವಿಭೂತಿ, ಮೀಸೆ ಎಲ್ಲ ಊದಿನಕಡ್ಡಿಯ ಹೊಗೆಯೊಳಗಿಂದ ನೋಡಿದಂತೆ ಬಂದವು. ಮಗ ಮೇಲ್ಗಡೆ ಓಂ ನಮಃ ಶಿವಾಯ ಹಾಕಿಸಿದ, ಕೆಳಗೆ ‘ತಾವೆಲ್ಲರೂ ತಪ್ಪದೆ ಬರಬೇಕು’ ಎಂದು. ತಾರೀಖು, ವೇಳೆ, ವಿಳಾಸ ತಾವಾಗಿಯೇ ಬಂದವು.

ನಮ್ಮ ಕಡೆ ಹಿರಿಯರು ತೀರಿಕೊಂಡಾಗ ಶಿವಗಣಾರಾಧನೆಗೆ ಕರೆಯುವ ಕಾರ್ಡು ಥೇಟ್ ಹೀಗೇ ಇರುತ್ತದೆ. ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ. ನಾನು ಚುಕ್ಕಿ ನೋಡುತ್ತಿದ್ದೆ, ಅವನು ಅಪ್ಪನನ್ನು ನೋಡುತ್ತಿದ್ದ.

ಜೋಳದ ಬೀಜ ಒಯ್ದ ಪಾಮನಕಲ್ಲೂರಿನ ರೈತ ಗಲ್ಲಾದ ಹಿಂದಿನ ಖಾಲಿ ಕುರ್ಚಿಯನ್ನೊಮ್ಮೆ ನೋಡಿ, ರಸೀದಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಭಕ್ತಿ ಎಂದುಕೊಂಡೆವು. ಮುಕ್ಕುಂದದವನು ಚೀಲವನ್ನು ಎರಡನೇ ಸಲ ತೂಗಿಸದೆ ತಲೆ ತಗ್ಗಿಸಿ ಹೋದ. ಹೊಸ ಪ್ರಿಂಟರಿನ ಪ್ರಭಾವ ಎಂದ ಮಗ.

ಮರುದಿನ ಬೆಳಿಗ್ಗೆ ಯಜಮಾನರು ಮಸ್ಕಿಯಿಂದ ಬಂದು ಕುರ್ಚಿಯಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದಾಗ, ಪಾಮನಕಲ್ಲೂರಿನ ಅವರ ಹೆಂಡತಿಯ ತಮ್ಮ ಬಾಗಿಲಲ್ಲಿ ಕಾಣಿಸಿಕೊಂಡ. ಯಾವುದೋ ಮದುವೆಯಲ್ಲಿ ತನ್ನನ್ನು ಊಟಕ್ಕೆ ಎಬ್ಬಿಸಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದವನು. ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ನಮ್ಮ ರಸೀದಿ.

“ಯಾರ್ ಸತ್ತಾರಲೇ?” ಎಂದರು ಯಜಮಾನರು.

“ನೀವ ರೀ, ಮಾವಾರ.”

ಯಜಮಾನರು ರಸೀದಿ ಇಸಿದುಕೊಂಡು ನೋಡಿದರು. ಮಗ ಮೆಲ್ಲಗೆ ಗೊಬ್ಬರದ ಚೀಲಗಳ ಹಿಂದೆ ಸರಿದ. ನಾನೇ ಮಾಡಿದ್ದು ಎಂದು ಒಪ್ಪಿಕೊಂಡೆ. ಮನಸ್ಸಿನಲ್ಲಿ ಆಗಲೇ ಪ್ರಿಂಟರನ್ನು ಡಬ್ಬಿಗೆ ಹಾಕಿ ಕಟ್ಟಿದ್ದೆ. ಆದರೆ ಅವರು ಮತ್ತೆ ಭಾವಮೈದುನನ ಕಡೆಗೇ ತಿರುಗಿದರು.

“ಖರೇನ ಅತ್ತೀ ಏನು?”

“ದಾರಿ ತುಂಬ ಅತ್ಗೋತ ಬಂದೀನ್ರಿ.”

“ಹಂಗಾರ ಕುಂದ್ರು. ಮಿರ್ಚಿ ತಿನ್ನು.”

ಹಾರ ಹಾಳಾಗಬಾರದೆಂದು ಪ್ರಿಂಟರಿಗೆ ಹಾಕಿಸಿದರು. ಊರಲ್ಲಿ ಮತ್ಯಾರು ಅತ್ತರು, ಊಟಕ್ಕೆ ಹೋಳಿಗೆಯೋ ಪಾಯಸವೋ ಎಂದು ಯಾರು ಮೊದಲು ಕೇಳಿದರು, ಎಲ್ಲವನ್ನೂ ಹೆಸರು ಹಿಡಿದು ಹೇಳಿಸಿಕೊಂಡರು. ಆಮೇಲೆ ನನಗೆ, ಮುಖ ತೆಗೆಯಬೇಡ, ಬದುಕಿರುವುದು ಗೊತ್ತಾಗುವ ಹಾಗೆ ದಟ್ಟ ಮಾಡು ಎಂದು ಹುಕುಂ ಕೊಟ್ಟರು.

ಅಂಕಿ ಏರಿಸಿದರೆ ಚೀಲಗಳ ಲೆಕ್ಕ ಮೀಸೆಯಲ್ಲಿ ಮುಳುಗುತ್ತಿತ್ತು. ಇಳಿಸಿದರೆ ಯಜಮಾನರು ಮತ್ತೆ ತೀರಿಕೊಳ್ಳುತ್ತಿದ್ದರು. ಕೊನೆಗೆ ನೆರಳಿನ ಕಮಾಂಡನ್ನೇ ಅಳಿಸಿ, ಮುಖವನ್ನು ಸಣ್ಣದು ಮಾಡಿ, ಅಚ್ಚ ಕಪ್ಪಿನಲ್ಲಿ ಅಕ್ಷರಗಳ ಮೇಲ್ಗಡೆ ಕೂರಿಸಿದೆ. ಚಿತ್ರದ ಕಣ್ಣು ತೆರೆದವು. ಯಜಮಾನರು ಅಂಥವನ್ನೇ ಒಂದು ಕಟ್ಟು ತೆಗೆಸಿ ಭಾವಮೈದುನನ ಕೈಗಿಟ್ಟು, ಮನೆಮನೆಗೆ ಹಂಚು, ಅಳದವರಿಗೆ ಎರಡೆರಡು ಕೊಡು ಎಂದರು.

ಅಷ್ಟರಲ್ಲಿ ಸಾಹುಕಾರರ ಫೋನು ಬಂತು. ಯಜಮಾನರೇ ನನ್ನ ಕೈಯಿಂದ ಇಸಿದುಕೊಂಡರು.

“ಪ್ರಿಂಟರ್ ಇಲ್ಲೇ ಇರ್ಲಿ ರೀ. ಮುಂದ ರಿಪೇರಿ ಬಂದ್ರ ಈ ಹುಡುಗನ್ನ ಕಳಸ್ರಿ. ನಿನ್ನೆ ಕೊಂದಾನ, ಇವತ್ತ ಜೀವಾ ಕೊಟ್ಟಾನ. ಎರಡೂ ಕೆಲ್ಸ ಬರ್ತಾವು.”

ಆ ಕಡೆ ಸಾಹುಕಾರರು ಏನೊಂದೂ ತಿಳಿಯದೆ ಹೂಂ ಅಂದರು. ನಾನು ಕಾಯಂ ಆದೆ.