ಹೊಗೆ ಕೊಳವೆಗೆ ಕಟ್ಟಿದ ಜರಡಿ

ನಮ್ಮಕ್ಕನ ಹುಳದ ಮನೆಯೊಳಗೆ ಹೋಗುವುದು ಬ್ಯಾಂಕಿನ ಲಾಕರಿಗೆ ಹೋಗುವುದಕ್ಕಿಂತ ಕಷ್ಟ. ತಿಪ್ಪಸಂದ್ರದ ಹತ್ತಿರ, ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಅವಳು ರೇಷ್ಮೆ ಹುಳ ಸಾಕುತ್ತಿದ್ದ ಕಟ್ಟಡವಿತ್ತು. ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ ಕಟ್ಟಿಕೊಂಡ ಗಂಡನಿಗೂ ಒಳಗೆ ಪ್ರವೇಶವಿರಲಿಲ್ಲ. ಕಿಟಕಿಗಳಿಗೆಲ್ಲ ನೈಲಾನ್ ಪರದೆ. ಊಜಿ ನೊಣ ಹೇಗಾದರೂ ಒಳಗೆ ಬಂದರೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಆಮೇಲೆ ಅದರ ಮರಿ ರೇಷ್ಮೆ ಹುಳವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಹಾಗಾಗಿ ಅಕ್ಕನಿಗೆ ತೂತು ಕಂಡರೆ ಆಗುತ್ತಿರಲಿಲ್ಲ. ಗೋಡೆಯಲ್ಲಿ ಮೊಳೆ ಕಿತ್ತ ಗುರುತಿಗೂ ಸಿಮೆಂಟು ಮೆತ್ತುತ್ತಿದ್ದಳು.

ನಾನು ಆಗ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆ ಕಡೆಯ ರಾಗಿ ಹೊಲಗಳೆಲ್ಲ ಶೆಡ್ಡುಗಳಾಗುತ್ತಿದ್ದ ಕಾಲ. ಸ್ಪ್ಯಾನರ್ ಹಿಡಿಯಲು ಬಂದವರೆಲ್ಲ ಎಂಜಿನಿಯರುಗಳ ಹಾಗೆ ಮಾತಾಡುತ್ತಿದ್ದರು. ನಾನೂ ಆಡುತ್ತಿದ್ದೆ. ನಮ್ಮಲ್ಲಿ ಬಣ್ಣ ಒಣಗಿಸುವ ಶೆಡ್ಡಿಗೆ ಗ್ಯಾಸಿನ ಕೊಳವೆ ಹೀಟರುಗಳಿದ್ದವು. ಅವುಗಳಲ್ಲಿ ಒಂದು ಗುಜರಿಗೆ ಬಿದ್ದಾಗ ಕೇಳಿ ತಂದು, ಅಕ್ಕನ ಹುಳದ ಮನೆಯ ಸೂರಿಗೆ ತೂಗು ಹಾಕಿದೆ. ಅಲ್ಲಿಯವರೆಗೆ ಚಳಿಗಾಲದ ಬೆಳೆಗೆ ಅವಳು ಇದ್ದಿಲ ಕೆಂಡ ಇಟ್ಟುಕೊಂಡು ಹೊಗೆ ಕುಡಿಯುತ್ತಿದ್ದಳು.

ಹೀಟರಿನ ಕೆಲಸ ಸರಳ. ಒಂದು ತುದಿಯಲ್ಲಿ ಗ್ಯಾಸು ಉರಿಯುತ್ತದೆ, ಉದ್ದನೆಯ ಕಬ್ಬಿಣದ ಕೊಳವೆ ಕಾಯುತ್ತದೆ, ಒಂದು ಫ್ಯಾನು ಹೊಗೆಯನ್ನೆಲ್ಲ ಕೊಳವೆಯೊಳಗೇ ತಳ್ಳಿ ಗೋಡೆಯಾಚೆ ಬಿಡುತ್ತದೆ. ಗಾಳಿ ಸರಿಯಾಗಿ ಸಾಗದಿದ್ದರೆ ಬೆಂಕಿ ತಾನೇ ಆರಲಿ ಎಂದು ಒಂದು ಸಣ್ಣ ಸ್ವಿಚ್ಚೂ ಇತ್ತು. ತಿಪ್ಪಸಂದ್ರದ ಕರೆಂಟಿಗೂ ಆ ಸ್ವಿಚ್ಚಿಗೂ ಹೊಂದಾಣಿಕೆಯಾಗಲಿಲ್ಲ. ವೋಲ್ಟೇಜು ಇಳಿದು ಫ್ಯಾನು ನಿಧಾನವಾದಾಗಲೆಲ್ಲ ಅದು ಬೆಂಕಿ ಆರಿಸುತ್ತಿತ್ತು. ಹುಳಗಳು ಚಳಿಗೆ ಸೊಪ್ಪು ತಿನ್ನುವುದನ್ನೇ ಬಿಟ್ಟವು ಎಂದು ಅಕ್ಕ ಹೇಳಿಕಳಿಸಿದಳು. ನಾನು ಹೋಗಿ, ಗೇಣುದ್ದದ ಒಂದು ತಂತಿ ತೆಗೆದುಕೊಂಡು ಸ್ವಿಚ್ಚಿನ ಎರಡು ಕಡೆಗೂ ಸೇರಿಸಿ ಅದರ ಬಾಯಿ ಮುಚ್ಚಿಸಿದೆ. ಕಾರ್ಖಾನೆಯಲ್ಲಿ ಹೀಗೆ ಮಾಡಿದವನನ್ನು ಗೇಟಿನಾಚೆ ನಿಲ್ಲಿಸುತ್ತಿದ್ದರು. ಇದು ಅಕ್ಕನ ಮನೆಯಲ್ಲವೇ ಎಂದುಕೊಂಡೆ.

ಹೊರಡುವಾಗ ಗೋಡೆಯಾಚೆಯ ಕೊಳವೆಯ ಬಾಯಿ ತೋರಿಸಿ, ಅದನ್ನು ಮುಟ್ಟಬೇಡ ಎಂದೆ. ಯಾಕೆ ಎಂದು ಹೇಳಲಿಲ್ಲ. ಒಳಗಿನ ಕೋಣೆಗೂ ಆ ಕೊಳವೆಗೂ ಸಂಬಂಧವಿಲ್ಲ, ನೊಣ ಹೊಕ್ಕರೆ ನೇರ ಬೆಂಕಿಗೇ ಹೋಗುತ್ತದೆ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಅಕ್ಕನ ಕಣ್ಣಿಗೆ ಕಂಡದ್ದು, ಹುಳದ ತಟ್ಟೆಗಳ ನೆತ್ತಿಯಿಂದ ಹೊರಕ್ಕೆ ತೆರೆದಿದ್ದ ಅಂಗೈಯಗಲದ ತೂತು. ಅವಳು ಮೊದಲು ನೈಲಾನ್ ಪರದೆ ಕಟ್ಟಿದಳು. ಅದು ಬಿಸಿಗೆ ಮುದುಡಿ ಹೋಯಿತು. ಆಮೇಲೆ ಅಡುಗೆಮನೆಯಿಂದ ಹಿಟ್ಟಿನ ಜರಡಿ ತಂದು ತಂತಿ ಬಿಗಿದಳು. ಮಸಿಯೂ ತೇವವೂ ಕೂತು ಜರಡಿಯ ಕಣ್ಣುಗಳು ಮುಚ್ಚಿಕೊಂಡವು. ಹೋಗಲು ದಾರಿಯಿಲ್ಲದ ಹೊಗೆ ಕೊಳವೆಯ ಕೀಲುಗಳಿಂದ ಕೋಣೆಯೊಳಗೇ ಇಳಿಯಿತು. ಕೆಂಡದ ಹೊಗೆಗಿರುವ ಬಣ್ಣವಾಗಲಿ ವಾಸನೆಯಾಗಲಿ ಅದಕ್ಕಿಲ್ಲ, ವಿಷ ಉಸಿರಿಗೆ ಹೋಗುತ್ತಿರುವುದೇ ಗೊತ್ತಾಗುವುದಿಲ್ಲ. ಬೆಂಕಿ ಆರಿಸಬೇಕಾಗಿದ್ದ ಸ್ವಿಚ್ಚಿನ ಬಾಯಿ ನಾನು ಮುಚ್ಚಿಸಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹೋದಾಗ ಅಕ್ಕ ಹುಳದ ತಟ್ಟೆಗಳ ನಡುವೆ ನೆಲದ ಮೇಲೆ ಕೂತಿದ್ದಳು. ತಲೆ ಸಿಡಿಯುತ್ತಿದೆ ಎಂದಳು. ಏಳಲು ಹೋಗಿ ವಾಂತಿ ಮಾಡಿಕೊಂಡಳು. ಅವಳನ್ನು ಎಳೆದು ತಂದು ಅಂಗಳದಲ್ಲಿ ಮಲಗಿಸಿ, ಗ್ಯಾಸು ನಿಲ್ಲಿಸಿ, ಉಸಿರು ಬಿಗಿಹಿಡಿದು ಕಿಟಕಿಗಳನ್ನು ತೆರೆದೆ. ಪರದೆಗಳನ್ನೂ ಕೀಳತೊಡಗಿದಾಗ ಅಂಗಳದಿಂದ ಅವಳ ದನಿ ಬಂತು.

“ಪರದೆ ಕೀಳ್ಬ್ಯಾಡ ಕಣ್ಲಾ, ನೊಣ ಬತ್ತದೆ.”

ಮಾಗಡಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಇನ್ನೊಂದು ಗಂಟೆ ಒಳಗಿದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಮಾರನೆಯ ದಿನ ಮನೆಗೆ ಬಂದ ಮೇಲೆ ಭಾವ ಗೋಡೆಯ ಹಿಂದೆ ಹೋಗಿ ಜರಡಿ ಹಿಡಿದುಕೊಂಡು ಬಂದರು. ತನ್ನ ಕೈಯಾರೆ ತಾನೇ ಸಾಯಲು ಹೊರಟಿದ್ದಳು ನೋಡು ಎಂದರು. ಅಕ್ಕ ತಲೆ ತಗ್ಗಿಸಿ, ತಪ್ಪಾಯಿತು ಎಂದಳು. ನಾನು ಅಷ್ಟರಲ್ಲಿ ಸ್ವಿಚ್ಚಿಗೆ ಸೇರಿಸಿದ್ದ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆ ಜರಡಿ ನೋಡಿ ನನ್ನ ಎದೆ ಹಗುರಾಯಿತು.

ಆ ವರ್ಷವೆಲ್ಲ ಭಾವ ಅವಳನ್ನು ಜರಡಿಯಮ್ಮ ಎಂದೇ ಕರೆದರು. ನೆಂಟರ ಮುಂದೆ, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರಿಗೂ ಕತೆ ಹೇಳಿದರು. ಎಲ್ಲರೂ ನಕ್ಕರು. ಅಕ್ಕನೂ ನಗುತ್ತಿದ್ದಳು. ನಾನು ಅಲ್ಲಿದ್ದರೆ ಕಾಫಿ ಲೋಟದೊಳಗೆ ನೋಡುತ್ತಿದ್ದೆ.

ಮುಂದಿನ ಚಳಿಗಾಲಕ್ಕೆ ಕೀಲುಗಳನ್ನೆಲ್ಲ ಬಿಗಿಮಾಡಿ, ಕೊಳವೆಯ ಬಾಯಿಗೆ ಹಕ್ಕಿಯನ್ನು ಮಾತ್ರ ತಡೆಯುವ ದೊಡ್ಡ ಕಣ್ಣಿನ ಜಾಲರಿ ಹಾಕಿ ಹೀಟರು ಹಚ್ಚಿದೆ. ಸ್ವಿಚ್ಚು ತನ್ನ ಕೆಲಸ ಮಾಡುತ್ತಿತ್ತು. ವೋಲ್ಟೇಜು ಇಳಿಯಿತು, ಬೆಂಕಿ ಆರಿತು. ಸೊಪ್ಪು ಹರಡುತ್ತಿದ್ದ ಅಕ್ಕ ಮೇಲೆ ನೋಡಿದಳು.

“ಹೋದೊರ್ಸ ನೀನು ರಿಪೇರಿ ಮಾಡುದ್ಮೇಲೆ ಹಿಂಗೆ ನಿಲ್ತಿರ್ನಿಲ್ವಲ್ಲ, ಯಾಕ್ಲಾ?”

ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಆದರೆ ಅವಳು ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದಳು. ತಂತಿಯ ವಿಷಯ ಹೇಳಿದೆ. ಆ ತಂತಿ ಇಲ್ಲದಿದ್ದರೆ ನೀನು ಜರಡಿ ಕಟ್ಟಿದ್ದರೂ ಬೆಂಕಿ ಆರುತ್ತಿತ್ತು, ನಿನಗೆ ಏನೂ ಆಗುತ್ತಿರಲಿಲ್ಲ ಎಂದೆ. ಅವಳು ಆ ತಟ್ಟೆಗೆ ಸೊಪ್ಪು ಹಾಕಿ ಮುಗಿಸಿದಳು.

“ಹೋಗಿ ನಿಮ್ ಬಾವುನ್ನ ಕರ್ಕಂಬಾ,” ಎಂದಳು. “ಒರ್ಸ ಪೂರ್ತಿ ನಾನು ಕೇಳಿವ್ನಿ. ಇವಾಗ ಒಸಿ ಅವ್ರೂ ಕೇಳ್ಲಿ.”

ಭಾವ ಬಂದರು. ಇಬ್ಬರೂ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆವು. ಅಕ್ಕ ಬುಟ್ಟಿ ಕೆಳಗಿಟ್ಟು ಕೈಕಟ್ಟಿ ನಿಂತಳು. ನಾನು ತಂತಿಯಿಂದಲೇ ಶುರು ಮಾಡಿದೆ. ಜರಡಿಯ ಮಾತು ಎತ್ತಲಿಲ್ಲ.